ರ‍್ಯಾಲಿ ಚಾಲಕ ಮತ್ತು ಕೋ-ಡ್ರೈವರ್: ಒಂದು ಜೋಡಿಯನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ರ‍್ಯಾಲಿ ಚಾಲಕರು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬಿ ಓಡಿಸುತ್ತಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದೊಳಗಿನ ರಸ್ತೆಯಂಥ ಕಡೆ ಮುಂದೆ ಕಾಣುವುದೇ ಮೂವತ್ತು ನಲವತ್ತು ಮೀಟರ್. ತಿರುವು ಕಣ್ಣಿಗೆ ಬಿದ್ದ ಮೇಲೆ ಬ್ರೇಕ್ ಒತ್ತಿದರೆ ಕಾಲ ಮೀರಿರುತ್ತದೆ. ಅದು ಎಂಥ ತಿರುವು ಎಂದು ಕಾಣುವ ಮೊದಲೇ ಹೇಳುವವರು ಪಕ್ಕದ ಸೀಟಿನ ಕೋ-ಡ್ರೈವರ್. ಅವರು ಓದುವ ನೋಟ್ಸ್ ಸ್ಪರ್ಧೆಗೆ ಮುಂಚೆ ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಚಾಲಕರೇ ಹೇಳಿ ಬರೆಸಿದ್ದು. ಅಂದರೆ ಚಾಲಕರ ಮಾತು ಚಾಲಕರಿಗೇ ಸರಿಯಾದ ಕ್ಷಣಕ್ಕೆ, ಒಂದಕ್ಷರ ಬದಲಾಗದೆ ವಾಪಸ್ ಬರಬೇಕು. ಜೋಡಿಯ ಸಂಬಂಧ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ನಾವು ಒಪ್ಪುವ ಅಳತೆ ಇದೊಂದೇ.

ದೊಡ್ಡ ಹೆಸರುಗಳೆಲ್ಲ ಜೋಡಿ ಹೆಸರುಗಳೇ. ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸತತ ಒಂಬತ್ತು ವಿಶ್ವ ಪ್ರಶಸ್ತಿ ಗೆದ್ದದ್ದು ಮೊನಾಕೊದ ಡೇನಿಯಲ್ ಎಲೆನಾ ಜೊತೆ. ಸೆಬಾಸ್ಟಿಯನ್ ಓಜಿಯೆ ತಮ್ಮ ಮೊದಲ ಎಂಟು ಪ್ರಶಸ್ತಿಗಳನ್ನು ಗೆದ್ದಾಗ ಪುಸ್ತಕ ಹಿಡಿದಿದ್ದವರು ಜೂಲಿಯನ್ ಇಂಗ್ರಾಸಿಯಾ. 1981ರ ಸ್ಯಾನ್‌ರೆಮೊ ರ‍್ಯಾಲಿಯನ್ನು ಮಿಷೆಲ್ ಮೂಟೊನ್ ಗೆದ್ದಾಗ ಪಕ್ಕದಲ್ಲಿದ್ದವರು ಫ್ಯಾಬ್ರಿಜಿಯಾ ಪೊನ್ಸ್. ನಮ್ಮ ಗೌರವ್ ಗಿಲ್ 2013 ಮತ್ತು 2016ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆದದ್ದು ಆಸ್ಟ್ರೇಲಿಯಾದ ಗ್ಲೆನ್ ಮೆಕ್‌ನೀಲ್ ಜೊತೆ. ಈ ಪದ್ಧತಿಯ ಬೇರು ಇನ್ನೂ ಹಿಂದಿನದು. 1955ರ ಮಿಲ್ಲೆ ಮಿಲಿಯಾ ಎಂಬ ಇಟಲಿಯ ರಸ್ತೆ ಓಟದಲ್ಲಿ ಸ್ಟರ್ಲಿಂಗ್ ಮಾಸ್ ಅವರ ಮರ್ಸಿಡಿಸ್‌ನಲ್ಲಿ ಕೂತಿದ್ದ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ಮೊದಲೇ ಓಡಾಡಿ ಬರೆದುಕೊಂಡ ರಸ್ತೆಯ ವಿವರವನ್ನು ಉದ್ದನೆಯ ಕಾಗದದ ಸುರುಳಿ ಮಾಡಿ ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ ಸುತ್ತಿಟ್ಟಿದ್ದರು. ತೆರೆದ ಕಾರಿನ ಗದ್ದಲದಲ್ಲಿ ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳಿದರು. ಸುಮಾರು 1,600 ಕಿ.ಮೀ. ದಾರಿಯನ್ನು ಅವರು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿ ಗೆದ್ದರು.

ಕೆಳಗಿನ ಹಂತಗಳು ಭಾರತದ ರಾಷ್ಟ್ರೀಯ ಮಟ್ಟದಲ್ಲಿ ಓಡಿಸುವ, ಓಡಿಸಲು ತಯಾರಾಗುತ್ತಿರುವ ಜೋಡಿಗಳಿಗಾಗಿ. ಬೆಂಗಳೂರಿನ ಕೆ-1000 ಇರಲಿ, ಚಿಕ್ಕಮಗಳೂರು, ಕೊಡಗಿನ ರ‍್ಯಾಲಿ ಇರಲಿ, ಕ್ರಮ ಇದೇ.

ಹಂತ 1: ಕಾರು ಹತ್ತುವ ಮೊದಲು ಒಂದು ಪುಟದ ಒಪ್ಪಂದ

ಹಣದ ಮಾತನ್ನು ಮೊದಲೇ ಮುಗಿಸಿ. ಎಂಟ್ರಿ ಶುಲ್ಕ, ಪ್ರಯಾಣ, ಲಾಡ್ಜ್, ರೆಕಿ (ಸ್ಪರ್ಧೆಗೆ ಮುಂಚೆ ನೋಟ್ಸ್ ಬರೆಯಲು ಹೋಗುವ ಓಡಾಟ) ಕಾರಿನ ಪೆಟ್ರೋಲ್, ಇಬ್ಬರ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡಾ ಒಕ್ಕೂಟ) ಲೈಸೆನ್ಸ್ ಮತ್ತು ವಿಮೆ ಯಾರ ಖರ್ಚು? ಕೋ-ಡ್ರೈವರ್‌ಗೆ ಸಂಭಾವನೆ ಇದೆಯೇ, ಇದ್ದರೆ ರ‍್ಯಾಲಿಗೆ ಇಷ್ಟು ಅಂತಲೋ ಸೀಸನ್‌ಗೆ ಇಷ್ಟು ಅಂತಲೋ? ಬಹುಮಾನ ಬಂದರೆ ಪಾಲೆಷ್ಟು? ಮೊದಲ ಸ್ಟೇಜಿನಲ್ಲೇ (ರಸ್ತೆ ಮುಚ್ಚಿ ಸಮಯ ಅಳೆಯುವ ಒಂದು ತುಂಡು ದಾರಿ) ಕಾರು ಕೆಟ್ಟು ನಿಂತರೂ ಸಂಭಾವನೆ ಪೂರ್ತಿ ಕೊಡಬೇಕೇ? ಸ್ನೇಹಿತರ ನಡುವೆ ಇದನ್ನೆಲ್ಲ ಕೇಳಲು ಸಂಕೋಚವಾಗುತ್ತದೆ. ಆ ಸಂಕೋಚದಿಂದಲೇ ಎರಡನೇ ರ‍್ಯಾಲಿಯ ಹೊತ್ತಿಗೆ ಮುಖ ಗಂಟಾಗುತ್ತದೆ, ಮುಖ ಗಂಟಾದ ಕೋ-ಡ್ರೈವರ್ ಕಾಲ್ ಕೊಡುವಾಗ, ಅಂದರೆ ನೋಟ್ಸ್ ಓದಿ ಹೇಳುವಾಗ, ದನಿ ಸಣ್ಣದಾಗುತ್ತದೆ. ವಾಟ್ಸ್‌ಆ್ಯಪ್ ಸಂದೇಶ ಸಾಲದು, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಅದೇ ಹಾಳೆಯಲ್ಲಿ ಕೆಲಸವನ್ನೂ ಹಂಚಿಕೊಳ್ಳಿ. ಗಡಿಯಾರ, ಟೈಮ್ ಕಾರ್ಡ್ (ಸಮಯ ಬರೆಸಿಕೊಳ್ಳುವ ಚೀಟಿ), ರೋಡ್ ಬುಕ್ (ದಾರಿಯ ವಿವರದ ಪುಸ್ತಕ), ಸಂಘಟಕರ ಬುಲೆಟಿನ್ ಓದುವುದು ಕೋ-ಡ್ರೈವರ್ ಹೊಣೆ. ಕಾರಿನ ಸ್ಥಿತಿ, ಟೈರ್ ಆಯ್ಕೆ, ಎಷ್ಟು ಜೋರಾಗಿ ಹೋಗಬೇಕು ಅನ್ನುವುದು ಚಾಲಕರದು. ಎರಡು ವಿಷಯಗಳಲ್ಲಿ ಮಾತ್ರ ಇಬ್ಬರಿಗೂ ಸಮಾನ ಅಧಿಕಾರ ಇರಬೇಕು. ಒಂದು, ಸುರಕ್ಷತೆ ಸರಿಯಿಲ್ಲ ಎಂದು ಯಾರಿಗೆ ಅನ್ನಿಸಿದರೂ ಕಾರು ನಿಲ್ಲಬೇಕು. ಇನ್ನೊಂದು, ಸೀಟ್ ಬೆಲ್ಟ್, ಹೆಲ್ಮೆಟ್, ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನ ಸರಿಯಿಲ್ಲದಿದ್ದರೆ ಹೊರಡುವ ಪ್ರಶ್ನೆಯೇ ಇಲ್ಲ. ಇಬ್ಬರ ರಕ್ತದ ಗುಂಪು, ಔಷಧಿ ಅಲರ್ಜಿ, ಮನೆಯವರ ಫೋನ್ ನಂಬರ್ ಪರಸ್ಪರ ಗೊತ್ತಿರಲಿ.

ಕೋ-ಡ್ರೈವರ್ ಆಗಬಯಸುವವರು ಮೊದಲು ಪರೀಕ್ಷಿಸಿಕೊಳ್ಳಬೇಕಾದ್ದು ಹೊಟ್ಟೆಯನ್ನು. ಘಾಟಿ ರಸ್ತೆಯಲ್ಲಿ ಅರ್ಧ ಗಂಟೆ ತಲೆ ಬಗ್ಗಿಸಿ ಜೋರಾಗಿ ಓದಿ ನೋಡಿ. ವಾಂತಿ ಬರುವಂತಾದರೆ ಹಲವರಿಗೆ ಅಭ್ಯಾಸದಿಂದ ಕಡಿಮೆಯಾಗುತ್ತದೆ, ಎಲ್ಲರಿಗೂ ಆಗುವುದಿಲ್ಲ. ವಾಂತಿಗೆ ಕೊಡುವ ಎಷ್ಟೋ ಮಾತ್ರೆಗಳು ನಿದ್ದೆ ತರಿಸುತ್ತವೆ. ವೈದ್ಯರನ್ನು ಕೇಳದೆ, ಮೊದಲು ತಗೊಂಡು ನೋಡದೆ ಸ್ಪರ್ಧೆಯ ದಿನವೇ ಪ್ರಯೋಗ ಮಾಡಬೇಡಿ.

ಹಂತ 2: ಇಬ್ಬರಿಗೂ ಒಂದೇ ನಿಘಂಟು

ತಿರುವುಗಳಿಗೆ ನಂಬರ್ ಕೊಡುವ ಪದ್ಧತಿ ಹಲವು. ಹೆಚ್ಚು ಬಳಕೆಯಲ್ಲಿರುವುದು 1ರಿಂದ 6: 6 ಅಂದರೆ ಆ್ಯಕ್ಸಿಲರೇಟರ್ ಬಿಡದೆ ಹೋಗಬಹುದಾದಷ್ಟು ಸೌಮ್ಯ ತಿರುವು, 1 ಅಂದರೆ ತೀರಾ ಕಡಿದು, ಅದಕ್ಕೂ ಆಚೆ ಹೇರ್‌ಪಿನ್. ಕೆಲವರು ಇದನ್ನೇ ತಿರುಗಿಸಿ 1 ಅಂದರೆ ಸೌಮ್ಯ ಅನ್ನುತ್ತಾರೆ. ಸ್ಟೀರಿಂಗ್ ತಿರುಗುವ ಕೋನದ ಲೆಕ್ಕದಲ್ಲಿ ಬರೆಯುವವರೂ ಇದ್ದಾರೆ. ಪದ್ಧತಿಯ ಆಯ್ಕೆ ಚಾಲಕರದು, ಯಾಕೆಂದರೆ ಕಿವಿಗೆ ಬಿದ್ದದ್ದನ್ನು ಕೈಗೆ ಇಳಿಸಬೇಕಾದವರು ಅವರು. ಕೋ-ಡ್ರೈವರ್ ತಮ್ಮ ಹಳೆಯ ಪದ್ಧತಿಯನ್ನು ಹೇರಬಾರದು.

ನಮ್ಮ ಬಲವಾದ ಸಲಹೆ ಒಂದಿದೆ: ನಂಬರ್ ತಿರುವಿನ ಆಕಾರಕ್ಕೆ ಕೊಡಿ, ವೇಗಕ್ಕೆ ಕೊಡಬೇಡಿ. ಮಳೆ ಬಂದರೆ, ಮುಂದೆ ಹೋದ ಕಾರುಗಳು ಜಲ್ಲಿ ಕೆದರಿದ್ದರೆ, ನಾಳೆ ಬೇರೆ ಕಾರು ಸಿಕ್ಕಿದರೆ ವೇಗ ಬದಲಾಗುತ್ತದೆ. ಆಕಾರ ಬದಲಾಗುವುದಿಲ್ಲ. ಒಣ ರಸ್ತೆಯಲ್ಲಿ "ಇಲ್ಲಿ 80ರಲ್ಲಿ ಹೋಗಬಹುದು" ಎಂದು ಬರೆಸಿದ ನೋಟ್ ಮಲೆನಾಡಿನ ಒಂದು ಮಳೆಗೆ ಸುಳ್ಳಾಗಿಬಿಡುತ್ತದೆ.

ಪದ್ಧತಿ ಕೂತಿದೆಯೋ ಇಲ್ಲವೋ ಹೀಗೆ ಪರೀಕ್ಷಿಸಿ. ವಾಹನ ಸಂಚಾರ ಕಡಿಮೆ ಇರುವ, ಮೂರು ನಾಲ್ಕು ಕಿ.ಮೀ. ಉದ್ದದ ತಿರುವಿನ ರಸ್ತೆ ಆರಿಸಿ. ಸಾಮಾನ್ಯ ಕಾರಿನಲ್ಲಿ, ಸಂಚಾರ ನಿಯಮ ಮೀರದ ವೇಗದಲ್ಲಿ ಹೋಗಿ ಚಾಲಕರು ನೋಟ್ಸ್ ಹೇಳಲಿ, ಕೋ-ಡ್ರೈವರ್ ಬರೆಯಲಿ. ಒಂದು ವಾರ ಬಿಟ್ಟು ಹಳೆಯ ಪುಸ್ತಕ ತೋರಿಸದೆ ಅದೇ ರಸ್ತೆಯನ್ನು ಮತ್ತೆ ಬರೆಸಿ. ಎರಡನ್ನೂ ಪಕ್ಕ ಪಕ್ಕ ಇಡಿ. ಅದೇ ತಿರುವು ಅಂದು 4, ಇಂದು 4 ಮೈನಸ್ (4ಕ್ಕಿಂತ ತುಸು ಬಿಗಿ) ಆಗಿದ್ದರೆ ಚಿಂತೆಯಿಲ್ಲ. ಅಂದು 5, ಇಂದು 3 ಆಗಿದ್ದರೆ ಚಾಲಕರಿಗೇ ತಮ್ಮ ಅಳತೆ ಗಟ್ಟಿಯಾಗಿಲ್ಲ. ಅಂಥ ಸ್ಥಿತಿಯಲ್ಲಿ ಸ್ಪರ್ಧೆಗೆ ಹೋದರೆ ಕೋ-ಡ್ರೈವರ್ ಎಷ್ಟೇ ಚೆನ್ನಾಗಿ ಓದಿದರೂ ಚಾಲಕರು ನಂಬಲಾರರು. ನಂಬಲಾಗದ ನೋಟ್ಸ್ ಇದ್ದಾಗ ಚಾಲಕರು ಕಣ್ಣನ್ನೇ ಅವಲಂಬಿಸುತ್ತಾರೆ, ಕಾಲ್ ಬರೀ ಸದ್ದಾಗುತ್ತದೆ.

ದೂರ ಮೀಟರಿನಲ್ಲಿರಲಿ: 30, 50, 70, 100, 150. ಒಂದು ತಿರುವು ಮುಗಿಯುವ ಜಾಗದಿಂದ ಮುಂದಿನದು ಶುರುವಾಗುವ ಜಾಗದವರೆಗಿನ ದೂರ ಇದು. 20 ಮೀಟರಿಗಿಂತ ಕಡಿಮೆ ಇದ್ದರೆ ದೂರ ಹೇಳದೆ "ಇನ್‌ಟು" ಅಂದರೆ ಸಾಕು. ಕಣ್ಣಳತೆ ಹೊಸಬರಿಗೆ ಮೋಸ ಮಾಡುತ್ತದೆ, ಅದರಲ್ಲೂ ಇಳಿಜಾರಿನಲ್ಲಿ. ದೂರ ಅಳೆಯುವ ಟ್ರಿಪ್‌ಮೀಟರ್ ಹಾಕಿ ನೂರು ಮೀಟರ್ ಎಂದರೆ ಎಷ್ಟು ಎಂದು ಇಬ್ಬರೂ ಕಣ್ಣಿಗೆ ರೂಢಿ ಮಾಡಿಕೊಳ್ಳಿ.

ಇನ್ನು ವಿಶೇಷಣಗಳು. ಟೈಟನ್ಸ್ ಎಂದರೆ ತಿರುವು ಹೋಗ್ತಾ ಹೋಗ್ತಾ ಬಿಗಿಯಾಗುತ್ತದೆ, ಓಪನ್ಸ್ ಎಂದರೆ ಬಿಚ್ಚಿಕೊಳ್ಳುತ್ತದೆ. ಲಾಂಗ್, ಶಾರ್ಟ್, ಕ್ರೆಸ್ಟ್ (ರಸ್ತೆಯ ದಿಬ್ಬದ ನೆತ್ತಿ), ಜಂಪ್, ನ್ಯಾರೋಸ್ (ರಸ್ತೆ ಕಿರಿದಾಗುತ್ತದೆ), ಕೀಪ್ ಲೆಫ್ಟ್, ಡೋಂಟ್ ಕಟ್ ಇವೆಲ್ಲ ಒಂದೊಂದು ನಿಶ್ಚಿತ ಸೂಚನೆ. ಪ್ರತಿಯೊಂದಕ್ಕೂ ಚಾಲಕರು ಏನು ಮಾಡುತ್ತಾರೆ ಎಂದು ಬರೆದಿಡಿ. "ಡೋಂಟ್ ಕಟ್" ಎಂದರೆ ಒಳ ಅಂಚಿಗೆ ಚಕ್ರ ಹಾಕಲೇಬಾರದು. ನಮ್ಮ ಕಡೆ ಆ ಅಂಚಿನಲ್ಲಿ ಹುಲ್ಲಿನಡಿ ಮೋರಿಯ ಕಲ್ಲೋ ಚರಂಡಿಯೋ ಇರುತ್ತದೆ, ತಗುಲಿದರೆ ಸಸ್ಪೆನ್ಷನ್ ತೋಳು ಮುರಿಯುತ್ತದೆ. ಎಚ್ಚರಿಕೆಗೆ ಮೂರು ದರ್ಜೆ: ಒಂದು, ಎರಡು, ಮೂರು ಉದ್ಗಾರ ಚಿಹ್ನೆ. ಟ್ರಿಪಲ್ ಕಾಷನ್ ಅನ್ನು ತಪ್ಪಿದರೆ ಜೀವಕ್ಕೇ ಅಪಾಯ ಇರುವ ಜಾಗಕ್ಕೆ ಮಾತ್ರ ಮೀಸಲಿಡಿ. ಭಯಕ್ಕೆ ಪ್ರತಿ ಕಿಲೋಮೀಟರಿಗೆ ನಾಲ್ಕು ಹಾಕಿದರೆ ಐದನೆಯದಕ್ಕೆ ಚಾಲಕರ ಕಾಲು ಅಲುಗುವುದೇ ಇಲ್ಲ.

ಹಂತ 3: ರೆಕಿ, ಅಂದರೆ ಬರೆಯುವ ದಿನ

ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪ್ರತಿ ಸ್ಟೇಜನ್ನು ರೆಕಿಯಲ್ಲಿ ಎರಡು ಸಲ ಮಾತ್ರ ಓಡಾಡಬಹುದು. ನಿಮ್ಮ ರ‍್ಯಾಲಿಯಲ್ಲಿ ಎಷ್ಟು ಸಲ, ಎಷ್ಟು ವೇಗದ ಮಿತಿ ಎಂಬುದು ಅದರ ಪೂರಕ ನಿಯಮಾವಳಿಯಲ್ಲಿರುತ್ತದೆ. ಅದನ್ನು ಕೋ-ಡ್ರೈವರ್ ಹಿಂದಿನ ರಾತ್ರಿಯೇ ಓದಿರಬೇಕು. ರೆಕಿಯ ಹೊತ್ತಿಗೆ ರಸ್ತೆ ಜನರಿಗೆ ತೆರೆದಿರುತ್ತದೆ. ಶಾಲೆ ಮಕ್ಕಳು, ದನ, ತೋಟಕ್ಕೆ ಹೋಗುವ ಜೀಪು ಎಲ್ಲ ಎದುರಾಗುತ್ತವೆ. ವೇಗ ಮೀರಿದರೆ ದಂಡ ಬೀಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಊರಿನವರ ವಿಶ್ವಾಸ ಹೋಗುವುದು. ಅವರು ಬೇಡವೆಂದರೆ ಮುಂದಿನ ವರ್ಷ ಆ ಸ್ಟೇಜೇ ಇರುವುದಿಲ್ಲ.

ಸಾಮಗ್ರಿ: ಮೇಲ್ಗಡೆ ಸ್ಪೈರಲ್ ಬೈಂಡಿಂಗ್ ಇರುವ ದಪ್ಪ ಹಾಳೆಯ ಪುಸ್ತಕ, ಸ್ಟೇಜಿಗೊಂದು. ಮೆತ್ತನೆಯ 2ಬಿ ಪೆನ್ಸಿಲ್ ನಾಲ್ಕು, ಒಂದಕ್ಕೆ ದಾರ ಕಟ್ಟಿ ಪುಸ್ತಕಕ್ಕೇ ನೇತುಹಾಕಿ. ಪೆನ್ ಬೇಡ. ಬೆವರಿಗೂ ಮಳೆಗೂ ಶಾಯಿ ಹರಡುತ್ತದೆ, ಕುಲುಕಾಟದಲ್ಲಿ ಪೆನ್ ಕೈಕೊಡುತ್ತದೆ. ದೊಡ್ಡ ರಬ್ಬರ್, ಬೆಳಕಿಗೆ ತಲೆದೀಪ, ನಿಯಮ ಒಪ್ಪಿದರೆ ಡ್ಯಾಶ್‌ಬೋರ್ಡಿಗೆ ಒಂದು ಕ್ಯಾಮೆರಾ.

ಮೊದಲ ಸುತ್ತಿನಲ್ಲಿ ಚಾಲಕರು ನೋಡಿ ಹೇಳುತ್ತಾರೆ, ಕೋ-ಡ್ರೈವರ್ ತಲೆ ಎತ್ತದೆ ಬರೆಯುತ್ತಾರೆ. ಸ್ಟೇಜಿನಲ್ಲಿ ಯಾವ ಕ್ರಮದಲ್ಲಿ ಕೇಳಬೇಕೋ ಅದೇ ಕ್ರಮದಲ್ಲಿ ಚಾಲಕರು ಹೇಳಬೇಕು: ದೂರ, ದಿಕ್ಕು, ನಂಬರ್, ವಿಶೇಷಣ. ಒಂದು ಸಾಲು ಹೀಗಿರುತ್ತದೆ:

"70, ರೈಟ್ 4 ಟೈಟನ್ಸ್ 3 ಡೋಂಟ್ ಕಟ್, ಇನ್‌ಟು ಲೆಫ್ಟ್ 5 ಲಾಂಗ್, 50, ಕಾಷನ್ ಕ್ರೆಸ್ಟ್ ಕೀಪ್ ರೈಟ್."

ಬರೆಯುವುದು ಹಿಂದೆ ಬಿದ್ದರೆ ಕೋ-ಡ್ರೈವರ್ "ನಿಲ್ಲಿಸು" ಅನ್ನಬೇಕು, ಚಾಲಕರು ಗೊಣಗದೆ ಅಂಚಿಗೆ ನಿಲ್ಲಿಸಬೇಕು. ಮರ್ಯಾದೆಗೆ ಅಂಜಿ ಒಂದು ಸಾಲು ಬಿಟ್ಟು ಮುಂದೆ ಹೋದರೆ ಆ ಖಾಲಿ ಜಾಗದಲ್ಲಿ ಸ್ಪರ್ಧೆಯ ದಿನ ಇಬ್ಬರೂ ಕುರುಡರು. ಪುಟಕ್ಕೆ ಎಂಟು ಹತ್ತು ಸಾಲು ಸಾಕು, ತಿದ್ದಲು ಜಾಗ ಬೇಕು. ಪುಟದ ಕೊನೆಯ ಸಾಲು ಬಿಗಿಯಾದ ತಿರುವುಗಳ ನಡುವೆ ಬಂದರೆ ಅಲ್ಲಿಗೇ ನಿಲ್ಲಿಸಿ ಹೊಸ ಪುಟ ಶುರುಮಾಡಿ. ಪುಟ ತಿರುಗಿಸುವುದು ಯಾವಾಗಲೂ ನೇರ ರಸ್ತೆಯ ಮೇಲೆ ಬರಬೇಕು. ಪ್ರತಿ ಪುಟಕ್ಕೂ ನಂಬರ್, ಜಂಕ್ಷನ್ ಬಂದಾಗ ಟ್ರಿಪ್‌ಮೀಟರಿನ ಓದು, ಸೇತುವೆ, ಗೇಟು, ನೀರಿನ ಟ್ಯಾಂಕ್‌ನಂಥ ಗುರುತು ಬರೆದಿಡಿ. ಸ್ಟೇಜಿನಲ್ಲಿ ಜಾಗ ತಪ್ಪಿದರೆ ಮತ್ತೆ ಹಿಡಿಯಲು ಇವೇ ಆಧಾರ.

ಎರಡನೇ ಸುತ್ತಿನಲ್ಲಿ ಕೋ-ಡ್ರೈವರ್ ಓದುತ್ತಾರೆ, ಚಾಲಕರು ತಿದ್ದಿಸುತ್ತಾರೆ. ಜೋಡಿಯ ಗುಣ ಗೊತ್ತಾಗುವುದು ಈ ಸುತ್ತಿನಲ್ಲೇ. "ಇದು 4 ಅಲ್ಲ ಮಗಾ, 3 ಪ್ಲಸ್. ಕೊನೇಲಿ ಬಿಗಿಯಾಗತ್ತೆ ನೋಡು, ಟೈಟನ್ಸ್ ಹಾಕು" ಅಂದಾಗ ಕೋ-ಡ್ರೈವರ್ ಬರೆದು, ತಿದ್ದಿದ್ದನ್ನು ಜೋರಾಗಿ ಮತ್ತೆ ಓದಬೇಕು. ಓದಿ ಹೇಳದ ತಿದ್ದುಪಡಿ ಆಗಿಲ್ಲ ಎಂದೇ ಲೆಕ್ಕ. ಹಾಗೆಯೇ ಕೋ-ಡ್ರೈವರ್ ಬಾಯಿ ಕಟ್ಟಿಕೊಂಡು ಕೂರಬಾರದು. "ಸ್ಟೇಜ್ ಎರಡರಲ್ಲಿ ಇಂಥದ್ದಕ್ಕೇ 3 ಕೊಟ್ಟಿದ್ದೆ, ಇಲ್ಲಿ ಯಾಕೆ 4?" ಎಂದು ಕೇಳುವ ಸಲುಗೆ ಇರಲೇಬೇಕು. ಸಂಜೆ ಹೊತ್ತಿಗೆ ಚಾಲಕರ ಕಣ್ಣು ವೇಗಕ್ಕೆ ಒಗ್ಗಿ ನಂಬರುಗಳು ತಾವಾಗಿಯೇ ಮೇಲೇರುವುದು ಸಾಮಾನ್ಯ, ಅದನ್ನು ಹಿಡಿಯುವವರು ಪಕ್ಕದಲ್ಲಿರುವವರೇ.

ಎಡ ಬಲ ಅದಲುಬದಲಾಗುವುದು ಎಲ್ಲಕ್ಕಿಂತ ಅಪಾಯದ ತಪ್ಪು. ಅಂಥದ್ದು ಸಿಕ್ಕರೆ ಆ ಅಕ್ಷರದ ಮೇಲೆಯೇ ಇನ್ನೊಂದು ಅಕ್ಷರ ತಿದ್ದಬೇಡಿ. ಇಡೀ ಸಾಲು ಹೊಡೆದುಹಾಕಿ ಕೆಳಗೆ ಹೊಸದಾಗಿ ಬರೆಯಿರಿ. ರಾತ್ರಿ ಕೂತು ಚೊಕ್ಕ ಪ್ರತಿ ಮಾಡುವ ಅಭ್ಯಾಸ ಇದ್ದವರು ನಕಲಿನಲ್ಲಿ ನುಸುಳುವ ತಪ್ಪಿಗೆ ಹೆದರಬೇಕು. ಪ್ರತಿ ಮಾಡಿದ ಮೇಲೆ ರೆಕಿಯ ವಿಡಿಯೊ ಹಾಕಿಕೊಂಡು ಇಬ್ಬರೂ ಒಟ್ಟಿಗೆ ಪೂರ್ತಿ ಓದಿ. ಊಟ ತಡವಾದರೂ ಪರವಾಗಿಲ್ಲ.

ಹಂತ 4: ಇಂಟರ್‌ಕಾಮ್

ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಇದು ಕೈಕೊಟ್ಟರೆ ಮೇಲಿನ ಅಷ್ಟೂ ಶ್ರಮ ನೀರಿನಲ್ಲಿ ಹೋಮ. ಮೈಕ್ ತುಟಿಗೆ ತಾಕುವಷ್ಟು ಹತ್ತಿರ ಇರಲಿ. ವಾಲ್ಯೂಮ್ ಹೊಂದಿಸುವುದು ನಿಂತ ಕಾರಿನಲ್ಲಲ್ಲ, ಎಂಜಿನ್ ಏರಿದ ಸದ್ದಿನಲ್ಲಿ. ಬ್ಯಾಟರಿಯದ್ದಾದರೆ ದಿನಕ್ಕೊಂದು ಹೊಸದು. ವೈರು ಸೀಟಿನ ಹಿಂದಿನಿಂದ ಬರಲಿ, ತುರ್ತಾಗಿ ಇಳಿಯುವಾಗ ಕುತ್ತಿಗೆಗೆ ಸಿಕ್ಕಬಾರದು. ಸ್ಟೇಜಿನ ಮಧ್ಯೆ ಕೈಕೊಟ್ಟರೆ ಬಳಸಲು ಕೈಸನ್ನೆ ಗೊತ್ತುಮಾಡಿಕೊಳ್ಳಿ: ದಿಕ್ಕಿಗೆ ಅಂಗೈ, ನಂಬರಿಗೆ ಬೆರಳು, ಎಚ್ಚರಿಕೆಗೆ ಮುಷ್ಟಿ. ಕೈಸನ್ನೆಯಲ್ಲಿ ವೇಗ ಇಳಿಸಿಯೇ ಹೋಗಬೇಕು.

ಹಂತ 5: ಕಾಲ್ ಕೊಡುವುದು ಮತ್ತು ಕೇಳುವುದು

ಮೇಲಿನ ಸಾಲನ್ನೇ ತಗೊಳ್ಳಿ. "ರೈಟ್ 4 ಟೈಟನ್ಸ್ 3 ಡೋಂಟ್ ಕಟ್" ಎಂದು ಸ್ಪಷ್ಟವಾಗಿ ಹೇಳಲು ಸುಮಾರು ಎರಡು ಸೆಕೆಂಡು ಬೇಕು. ಕೇಳಿ, ಅರ್ಥವಾಗಿ, ಬ್ರೇಕಿಗೆ ಕಾಲು ಹೋಗಲು ಇನ್ನೊಂದು ಸೆಕೆಂಡು ಇಟ್ಟುಕೊಳ್ಳಿ. 100 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ 84 ಮೀಟರ್ ಮುಗಿದಿರುತ್ತದೆ. ಆ ತಿರುವಿಗೆ ಮುಂಚಿನ ನೇರ ರಸ್ತೆ ಇರುವುದೇ 70 ಮೀಟರ್. ಹಾಗಾಗಿ ಹಿಂದಿನ ತಿರುವಿನಿಂದ ಕಾರು ಹೊರಬೀಳುವ ಮೊದಲೇ ಈ ಕಾಲ್ ಶುರುವಾಗಿರಬೇಕು. ತಡವಾದ ಕಾಲ್ ತಪ್ಪು ಕಾಲ್‌ನಷ್ಟೇ ಕೆಟ್ಟದ್ದು. ತುಂಬಾ ಬೇಗ ಬಂದರೂ ಕಷ್ಟ, ಮೂರು ತಿರುವು ಮುಂದಿನದನ್ನು ಹೇಳಿದರೆ ಚಾಲಕರ ತಲೆಯಲ್ಲಿ ಉಳಿಯುವುದಿಲ್ಲ. ಸಾಮಾನ್ಯವಾಗಿ ಒಂದು ತಿರುವು ಮುಂದೆ, ಬಿಗಿಯಾದ ಜಾಗದಲ್ಲಿ ಎರಡು.

ಬೇಕಾದಷ್ಟು ಬೇಗ ಬರುತ್ತಿದೆಯೇ ಎಂದು ಚಾಲಕರು ತಿಳಿಸಲು ಮೂರೇ ಪದ ಇಟ್ಟುಕೊಳ್ಳಿ: "ಬೇಗ", "ನಿಧಾನ", "ಮತ್ತೆ". ಬೇರೆ ಮಾತು ಸ್ಟೇಜಿನಲ್ಲಿ ಬೇಡ. "ಏನೋ ನೀನು, ನಿದ್ದೆ ಮಾಡ್ತಿದೀಯಾ" ಎಂಬ ಒಂದು ಸಿಡುಕಿಗೆ ಮುಂದಿನ ಐದು ಕಾಲ್‌ಗಳು ನಡುಗುತ್ತವೆ. ಕೋ-ಡ್ರೈವರ್ ದನಿ ಒಂದೇ ಲಯದಲ್ಲಿರಲಿ, ಒತ್ತು ಎಚ್ಚರಿಕೆ ಪದಗಳಿಗೆ ಮಾತ್ರ. ಕಾರು ಅಡ್ಡಾದಿಡ್ಡಿ ಜಾರಿದಾಗಲೂ ದನಿ ಏರಬಾರದು. ಆ ಹೊತ್ತಿನಲ್ಲಿ ಚಾಲಕರಿಗೆ ಬೇಕಿರುವುದು ಮುಂದಿನ ತಿರುವು.

ಕಾರು ಎಲ್ಲಿದೆ ಎಂದು ಕೋ-ಡ್ರೈವರ್ ಬರೀ ಕಣ್ಣಿನಿಂದ ತಿಳಿಯುವುದಿಲ್ಲ. ಅವರ ಸೀಟು ತಗ್ಗಿನಲ್ಲಿ, ಹಿಂದಕ್ಕೆ ಇರುತ್ತದೆ. ಬೆನ್ನಿಗೆ ತಾಗುವ ತೂಕ, ಬ್ರೇಕಿನ ಎಳೆತ, ಗೇರ್ ಬದಲಾದ ಸದ್ದು, ಇವುಗಳಿಂದ ತಿರುವು ಎಣಿಸುತ್ತಾ ನೇರ ರಸ್ತೆ ಬಂದಾಗ ಒಮ್ಮೆ ತಲೆ ಎತ್ತಿ ಗುರುತು ನೋಡಿಕೊಳ್ಳುತ್ತಾರೆ. ಬೆರಳು ಓದುತ್ತಿರುವ ಸಾಲಿನ ಮೇಲೇ ಇರಬೇಕು.

ಜಾಗ ತಪ್ಪಿದರೆ? ತಕ್ಷಣ "ಲಾಸ್ಟ್" ಅನ್ನಿ. ಊಹೆ ಮಾಡಿ ಓದಬೇಡಿ. ಆ ಪದ ಕೇಳಿದ ಕ್ಷಣ ಚಾಲಕರು ಕಣ್ಣಿಗೆ ಕಾಣುವಷ್ಟರ ವೇಗಕ್ಕೆ ಇಳಿಯಬೇಕು, ಮುಂದಿನ ಜಂಕ್ಷನ್ನೋ ಸೇತುವೆಯೋ ಬರುವವರೆಗೆ ಬಾಯಲ್ಲಿ "ಎಡ 3 ಆಯ್ತು, ಬಲಕ್ಕೆ ಗೇಟು" ಎಂದು ಕಂಡದ್ದನ್ನು ಹೇಳುತ್ತಾ ಸಹಾಯ ಮಾಡಬೇಕು. ಸಾಲು ಸಿಕ್ಕ ಮೇಲೆ "ನೋಟ್ಸ್ ಆನ್" ಎಂದು ಹೇಳಿ ಮತ್ತೆ ಶುರು. ಹತ್ತು ಸೆಕೆಂಡು ಹೋಗಬಹುದು, ಕಾರು ಉಳಿಯುತ್ತದೆ. "ಲಾಸ್ಟ್" ಅಂದದ್ದಕ್ಕೆ ಒಮ್ಮೆ ಬೈಸಿಕೊಂಡ ಕೋ-ಡ್ರೈವರ್ ಮುಂದಿನ ಸಲ ಹೇಳಲು ಎರಡು ಸೆಕೆಂಡು ಹಿಂಜರಿಯುತ್ತಾರೆ. ಎರಡು ಸೆಕೆಂಡು ಅಂದರೆ 56 ಮೀಟರ್.

ಕೋ-ಡ್ರೈವರ್ ಚಾಲಕರ ಮೇಲೆ ಕೂಗಾಡುವ ಭಾರತದ ಒಂದು ರ‍್ಯಾಲಿ ವಿಡಿಯೊ ಜಗತ್ತಿನಾದ್ಯಂತ ಹರಿದಾಡಿದೆ. ನೋಡಿದವರೆಲ್ಲ ನಗುತ್ತಾರೆ. ನಾವು ಅದನ್ನು ಪಾಠವಾಗಿ ನೋಡಿ ಅನ್ನುತ್ತೇವೆ: ಕಾಲ್ ಸರಿಯಾಗಿ ಕೊಟ್ಟರೂ ಚಾಲಕರ ಕಿವಿ ಮುಚ್ಚಿಹೋಗಿದ್ದರೆ ಏನಾಗುತ್ತದೆ ಎಂಬುದು ಅದರಲ್ಲಿ ಸೆಕೆಂಡು ಸೆಕೆಂಡಿಗೂ ಕಾಣುತ್ತದೆ.

ಹಂತ 6: ಗಡಿಯಾರ ಒಬ್ಬರ ಕೈಯಲ್ಲಿ

ಸ್ಟೇಜಿನಲ್ಲಿ ಕಷ್ಟಪಟ್ಟು ಗಳಿಸಿದ ಸೆಕೆಂಡುಗಳನ್ನು ಸಮಯ ಬರೆಯುವ ಮೇಜಿನ ಮುಂದೆ ಕಳೆದುಕೊಳ್ಳುವ ಜೋಡಿಗಳು ಬಹಳ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ) ನಿಯಮದಂತೆ ಟೈಮ್ ಕಂಟ್ರೋಲ್‌ಗೆ (ಕಾರ್ಡಿನಲ್ಲಿ ಸಮಯ ಬರೆಸುವ ಕೇಂದ್ರ) ತಡವಾದರೆ ನಿಮಿಷಕ್ಕೆ 10 ಸೆಕೆಂಡು ದಂಡ, ಬೇಗ ಹೋದರೆ ನಿಮಿಷಕ್ಕೆ ಪೂರ್ತಿ 1 ನಿಮಿಷ. 10:42ಕ್ಕೆ ಹೊರಟು ಮುಂದಿನ ಕಂಟ್ರೋಲ್‌ಗೆ 35 ನಿಮಿಷ ಕೊಟ್ಟಿದ್ದರೆ ಕಾರ್ಡ್ ಕೊಡಬೇಕಾದ್ದು 11:17ಕ್ಕೆ. 11:16ಕ್ಕೆ ಕೊಟ್ಟರೆ 60 ಸೆಕೆಂಡು ಹೋಯಿತು, 11:20ಕ್ಕೆ ಕೊಟ್ಟರೆ 30 ಸೆಕೆಂಡು. ಕೋ-ಡ್ರೈವರ್ ರ‍್ಯಾಲಿಯ ಅಧಿಕೃತ ಸಮಯಕ್ಕೆ ಎರಡು ಗಡಿಯಾರ ಹೊಂದಿಸಿಕೊಂಡು, ಕಂಟ್ರೋಲ್ ಶುರುವಾಗುವ ಹಳದಿ ಫಲಕದ ಮುಂಚೆಯೇ ಕಾರು ನಿಲ್ಲಿಸಿ, ತಮ್ಮ ನಿಮಿಷ ಬಂದಾಗ ಮಾತ್ರ ಕಾರ್ಡ್ ಕೊಡಬೇಕು. ಮಾರ್ಷಲ್ ಬರೆದ ಸಮಯವನ್ನು ಅಲ್ಲೇ ಓದಿ ನೋಡಬೇಕು. ತಪ್ಪಿದ್ದರೆ ನಯವಾಗಿ, ಆಗಲೇ ತಿದ್ದಿಸಬೇಕು. ಅವರು ಬಿಸಿಲಲ್ಲಿ ಬೆಳಗಿನಿಂದ ನಿಂತ ಸ್ವಯಂಸೇವಕರು, "ಸರ್, ಒಮ್ಮೆ ನೋಡ್ತೀರಾ" ಅಂದರೆ ಕೆಲಸ ಆಗುತ್ತದೆ. "ಹೋಗೋಣ" ಎಂದು ಕೋ-ಡ್ರೈವರ್ ಹೇಳುವವರೆಗೆ ಚಾಲಕರು ಕ್ಲಚ್ ಬಿಡಬಾರದು.

ಹಂತ 7: ಪಂಕ್ಚರ್, ಪಲ್ಟಿ, ಕೆಟ್ಟು ನಿಂತ ಕಾರು

ಪಂಕ್ಚರ್ ಆದಾಗ ಬದಲಿಸಬೇಕೋ ಹಾಗೇ ಹೋಗಬೇಕೋ ಎಂದು ಆಗ ಚರ್ಚಿಸಬಾರದು. ಮೊದಲೇ ಲೆಕ್ಕ ಇಟ್ಟುಕೊಳ್ಳಿ. ನೀವಿಬ್ಬರೂ ಹೆಲ್ಮೆಟ್ ಹಾಕಿಕೊಂಡು, ಬೆಲ್ಟ್ ಬಿಚ್ಚಿ ಇಳಿದು, ಚಕ್ರ ಬದಲಿಸಿ, ಮತ್ತೆ ಬೆಲ್ಟ್ ಬಿಗಿದು ಹೊರಡಲು ಎಷ್ಟು ಹೊತ್ತು ಎಂದು ಅಂಗಳದಲ್ಲಿ ಅಳೆಯಿರಿ. ಅದು 150 ಸೆಕೆಂಡು ಎಂದುಕೊಳ್ಳಿ. ಚಪ್ಪಟೆ ಟೈರಿನಲ್ಲಿ ಕಿಲೋಮೀಟರಿಗೆ 15 ಸೆಕೆಂಡು ಹೋಗುತ್ತದೆ ಎಂದಾದರೆ, ಸ್ಟೇಜು ಮುಗಿಯಲು 10 ಕಿ.ಮೀ.ಗಿಂತ ಹೆಚ್ಚಿದ್ದರೆ ಬದಲಿಸಿ, ಕಡಿಮೆ ಇದ್ದರೆ ಹೋಗಿ. ಉಳಿದ ದೂರ ಹೇಳುವವರು ಕೋ-ಡ್ರೈವರ್, ಕಾರು ತಾಳುತ್ತದೋ ಎಂದು ಹೇಳುವವರು ಚಾಲಕರು. ಇಳಿದ ಮೇಲೆ ಜ್ಯಾಕ್ ಒಬ್ಬರದು, ನಟ್ ಮತ್ತು ಸ್ಪೇರ್ ಚಕ್ರ ಇನ್ನೊಬ್ಬರದು, ಪ್ರತಿ ಸಲವೂ ಅದೇ.

ಕಾರು ನಿಂತರೆ ಎಂಜಿನ್ ಆರಿಸುವುದು ಚಾಲಕರು. ಕೋ-ಡ್ರೈವರ್ ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದಕ್ಕೆ ಇಡಬೇಕು. ಯಾರಿಗೂ ಗಾಯವಿಲ್ಲದಿದ್ದರೆ ಹಿಂದೆ ಬರುವ ಕಾರುಗಳಿಗೆ ಹಸಿರು "ಓಕೆ" ಫಲಕ ಕಾಣಬೇಕು, ವೈದ್ಯಕೀಯ ನೆರವು ಬೇಕಿದ್ದರೆ ಕೆಂಪು "ಎಸ್‌ಒಎಸ್". ಫಲಕ ಎಲ್ಲಿದೆ ಎಂದು ಹುಡುಕುವಂತಿರಬಾರದು, ಇಬ್ಬರ ಕೈಗೂ ಎಟುಕಬೇಕು.

ತಂಡದ ಮೆಕ್ಯಾನಿಕ್‌ಗಳು ಕೆಲಸ ಮಾಡುವ ಸರ್ವೀಸ್ ಪಾರ್ಕಿನ ಹೊರಗೆ ಕಾರನ್ನು ರಿಪೇರಿ ಮಾಡುವವರು ಇವರಿಬ್ಬರೇ. 2014ರ ಮೆಕ್ಸಿಕೊ ರ‍್ಯಾಲಿಯ ಕೊನೆಯ ಸ್ಟೇಜ್ ಮುಗಿಸಿ ವಾಪಸಾಗುವಾಗ ತಿಯರಿ ನೊವಿಲ್ ಮತ್ತು ನಿಕೊಲಾಸ್ ಜಿಲ್‌ಸೂಲ್ ಅವರ ಹುಂಡೈ ಕಾರಿನ ರೇಡಿಯೇಟರ್ ಸೋರಿತು. ಫಿನಿಷ್‌ನಲ್ಲಿ ಕೈಗೆ ಬಂದಿದ್ದ ದೊಡ್ಡ ಕೊರೊನಾ ಬಿಯರ್ ಬಾಟಲಿಯನ್ನೇ ಅದಕ್ಕೆ ಸುರಿದು ಸರ್ವೀಸ್ ಪಾರ್ಕ್ ಮುಟ್ಟಿ ಮೂರನೇ ಸ್ಥಾನ ಉಳಿಸಿಕೊಂಡರು.

ಹಂತ 8: ಮೆಕ್ಯಾನಿಕ್ ಮತ್ತು ಎಂಜಿನಿಯರ್ ಜೊತೆ

ಸರ್ವೀಸ್ ಸಮಯ ಬಹಳ ಕಡಿಮೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದಿನದ ಕೊನೆಯ ದೊಡ್ಡ ಸರ್ವೀಸಿಗೇ 45 ನಿಮಿಷ. ಸ್ಟೇಜಿನಿಂದ ವಾಪಸ್ ಬರುವ ದಾರಿಯಲ್ಲಿ ಕೋ-ಡ್ರೈವರ್ ಚಾಲಕರನ್ನು ಕೇಳಿ ಚೀಟಿ ಬರೆದಿಡಬೇಕು. "ಕಾರು ಹಿಡೀತಾ ಇಲ್ಲ" ಅಂದರೆ ಯಾವ ಎಂಜಿನಿಯರೂ ಏನೂ ಮಾಡಲಾಗದು. "ಸ್ಟೇಜ್ 2ರ ಕೊನೆಯ 5 ಕಿ.ಮೀ., ಬಿಗಿ ಎಡ ತಿರುವು, ಬ್ರೇಕ್ ಬಿಟ್ಟ ಕೂಡಲೇ ಮುಂಭಾಗ ಹೊರಕ್ಕೆ ಜಾರುತ್ತೆ, ಬಲಕ್ಕೆ ಹಾಗಾಗಲ್ಲ" ಅಂದರೆ ಅವರ ಕೈ ನೇರ ಬಲಗಡೆಯ ಮುಂದಿನ ಚಕ್ರಕ್ಕೆ, ಅದರ ಡ್ಯಾಂಪರಿಗೆ (ಶಾಕ್ ಅಬ್ಸಾರ್ಬರ್) ಹೋಗುತ್ತದೆ. ಎಲ್ಲಿ, ಯಾವ ದಿಕ್ಕು, ತಿರುವಿನ ಶುರುವಿನಲ್ಲೋ ನಡುವೆಯೋ ಹೊರಬೀಳುವಾಗಲೋ, ಯಾವಾಗಿನಿಂದ: ಈ ನಾಲ್ಕು ಇದ್ದರೆ ಸಾಕು. ಪರಿಹಾರ ಏನೆಂದು ಚಾಲಕರು ಆಜ್ಞೆ ಮಾಡಬೇಕಿಲ್ಲ.

ಸೆಟ್ಟಿಂಗ್ ಬದಲಿಸಿದರೆ ಒಂದು ಸಲಕ್ಕೆ ಒಂದು. ಡ್ಯಾಂಪರ್, ಟೈರ್ ಗಾಳಿ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ. ಮುಖ್ಯ ಮೆಕ್ಯಾನಿಕ್ ಹತ್ತು, ಐದು, ಎರಡು ನಿಮಿಷ ಉಳಿದಾಗ ಕೂಗಿ ಹೇಳಲಿ. ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿದವರು ಬಾಯಲ್ಲಿ "ನಾಲ್ಕೂ ಆಯ್ತು" ಅನ್ನಲಿ, ಕೋ-ಡ್ರೈವರ್ ಅದನ್ನು ಚೀಟಿಯಲ್ಲಿ ಗುರುತು ಹಾಕಲಿ. ಕೆಲಸ ನಡೆಯುವಾಗ ಯಾರನ್ನೂ ಬೈಯಬೇಡಿ. ಬೈಸಿಕೊಂಡ ಹುಡುಗ "ಅಣ್ಣಾ, ಈ ಬೋಲ್ಟ್ ನನಗೆ ಸಂಶಯ" ಎಂದು ಹೇಳಲು ಹೆದರುತ್ತಾನೆ. ಆ ಮಾತು ನಿಮಗೆ ಬೇಕು.

ಹಂತ 9: ರ‍್ಯಾಲಿ ಮುಗಿದ ಮೇಲೆ, ಮತ್ತು ಜೋಡಿ ಬದಲಾದಾಗ

ಅಂದೇ ರಾತ್ರಿ ಏನೂ ಚರ್ಚಿಸಬೇಡಿ, ದಣಿದವರ ಮಾತು ಕಹಿಯಾಗುತ್ತದೆ. ಒಂದೆರಡು ದಿನ ಬಿಟ್ಟು ಕಾರಿನೊಳಗಿನ ವಿಡಿಯೊ, ನೋಟ್ಸ್ ಪುಸ್ತಕ ಎರಡನ್ನೂ ಇಟ್ಟುಕೊಂಡು ಕೂರಿ. ಎಲ್ಲಿ ಕಾಲ್ ತಡವಾಯಿತು, ಎಲ್ಲಿ ನಂಬರ್ ತಪ್ಪಿತ್ತು, ಎಲ್ಲಿ ನಂಬರ್ ಸರಿಯಿದ್ದೂ ಚಾಲಕರು ನಂಬದೆ ಮೊದಲೇ ಬ್ರೇಕ್ ಹಾಕಿದರು. ಮೂರನೆಯದರ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಅಲ್ಲಿ ಹೋದ ಸಮಯವನ್ನು ಕಾರಿನ ಯಾವ ಬಿಡಿಭಾಗವೂ ತಂದುಕೊಡುವುದಿಲ್ಲ. ತಪ್ಪಿದ ತಿರುವುಗಳನ್ನು ನಿಘಂಟಿನ ಪುಸ್ತಕದಲ್ಲಿ ಉದಾಹರಣೆಯಾಗಿ ಸೇರಿಸಿ.

ಜೋಡಿಗಳು ಮುರಿಯುವುದೂ ಉಂಟು. ಬಿಯರ್ ಸುರಿದು ಕಾರು ಉಳಿಸಿದ್ದ ನೊವಿಲ್ ಮತ್ತು ಜಿಲ್‌ಸೂಲ್ 2021ರ ಜನವರಿಯಲ್ಲಿ, ಮಾಂಟೆ ಕಾರ್ಲೊ ರ‍್ಯಾಲಿಗೆ ಕೆಲವೇ ದಿನ ಇರುವಾಗ ಬೇರೆಯಾದರು. ಬದಲಿಗೆ ಬಂದ ಮಾರ್ಟೈನ್ ವೈಡಾಗೆ ಅವರ ಜೊತೆ ನೊವಿಲ್ ಆ ರ‍್ಯಾಲಿಯಲ್ಲೇ ಮೂರನೆಯವರಾದರು, 2024ರಲ್ಲಿ ಇದೇ ಜೋಡಿ ವಿಶ್ವ ಪ್ರಶಸ್ತಿ ಗೆದ್ದಿತು. 2022ರ ಮಾಂಟೆ ಕಾರ್ಲೊವನ್ನು ಲೋಬ್ ಗೆದ್ದಾಗ ಪಕ್ಕದಲ್ಲಿದ್ದ ಇಸಬೆಲ್ ಗಾಲ್ಮಿಶ್ ವೃತ್ತಿಯಿಂದ ಗಣಿತದ ಶಿಕ್ಷಕಿ. ಆದರೆ ಅವರು ಲೋಬ್ ಜೊತೆ ಟೆಸ್ಟಿಂಗ್ ಮತ್ತು ನೋಟ್ಸ್ ಕೆಲಸದಲ್ಲಿ ಮೊದಲೇ ಪಳಗಿದ್ದರು, ಲೋಬ್ ನೋಟ್ಸ್ ಅವರಿಗೆ ಹೊಸದಾಗಿರಲಿಲ್ಲ.

ಹೊಸ ಕೋ-ಡ್ರೈವರ್ ಬಂದಾಗ ನಿಘಂಟು ಕೊಡಿ, ಹಳೆಯ ರ‍್ಯಾಲಿಯ ಒಂದು ನೋಟ್ಸ್ ಪುಸ್ತಕ ಮತ್ತು ಅದೇ ಸ್ಟೇಜಿನ ವಿಡಿಯೊ ಕೊಡಿ. ಅವರು ಮನೆಯಲ್ಲಿ ವಿಡಿಯೊ ಓಡಿಸಿ, ದನಿ ಆಫ್ ಮಾಡಿ, ತಾವೇ ಕಾಲ್ ಕೊಟ್ಟು ರೆಕಾರ್ಡ್ ಮಾಡಿ ಕಳಿಸಲಿ. ಚಾಲಕರು ಕೇಳಿ "ಇಲ್ಲಿ ಬೇಗ, ಇಲ್ಲಿ ಸರಿ" ಎಂದು ಗುರುತು ಹಾಕಲಿ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಮೊದಲ ರೆಕಿಗೆ ಹೊರಡಿ. ಹಂತ 1ರ ಹಾಳೆಯನ್ನು ಹೊಸದಾಗಿ ಬರೆದು ಸಹಿ ಹಾಕಿಸಿಕೊಳ್ಳುವುದು ಅದಕ್ಕೂ ಮೊದಲು.